ಮೂರನೇ ಸಲ ಸುತ್ತುವುದಿಲ್ಲ

ಮೊನ್ನೆ ಮಧ್ಯಾಹ್ನ ಎದುರು ಮನೆಯ ಕೂಲರಿನ ಮೋಟರ್ ಸುಟ್ಟಿತು. ಹೊಗೆ ಕಣ್ಣಿಗೆ ಕಾಣುವ ಮೊದಲೇ ವಾಸನೆ ಮೂಗಿಗೆ ಬಂತು. ತಾಮ್ರದ ತಂತಿಗೆ ಬಳಿದ ವಾರ್ನಿಷ್ ಕರಗಿ ಹೊತ್ತುವಾಗ ಒಂದು ವಾಸನೆ ಬರುತ್ತದೆ... ಗಂಟಲೊಳಗೆ ಇಳಿದು ಅಲ್ಲೇ ಕೂತುಬಿಡುವಂಥದ್ದು. ಗಿರಣಿಯಲ್ಲಿ ಜೋಳ ಸುರಿಯುತ್ತ ನಿಂತವಳು ಕೈ ತಡೆದು ಎರಡು ಅಂಗಡಿ ಆಚೆ ನೋಡಿದೆ. ಅಲ್ಲೀಗ ಬೇಕರಿ ಇದೆ, ಗಾಜಿನ ಕಪಾಟಿನಲ್ಲಿ ಕ್ರೀಮ್ ಬನ್ನು, ಖಾರಾ ಟೋಸ್ಟು. ಗೊತ್ತಿದ್ದೂ ನೋಡಿದೆ.

ತಿಕೋಟಾದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನ ಹಿಟ್ಟಿನ ಗಿರಣಿ. ಮೊದಲು ಅತ್ತೆ ನಡೆಸುತ್ತಿದ್ದಳು, ಆಕೆಯ ಮೊಣಕಾಲು ಹೋದ ಮೇಲೆ ನನ್ನ ಕೈಗೆ ಬಂತು. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವಳು ಹಿಟ್ಟು ಹಾಕುತ್ತಾಳೆ ಎಂದು ಕೆಲವರು ಮುಸಿಮುಸಿ ನಕ್ಕರು. ನಗಲಿ. ಈಗಿನ ಬೇಕರಿಯ ಜಾಗದಲ್ಲಿ ಆಗ ವೈಂಡಿಂಗ್ ಅಂಗಡಿ ಇತ್ತು, ಸುಟ್ಟ ಮೋಟರು, ಫ್ಯಾನುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ಅದರ ಮಾಲೀಕರಿಗೆ ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅದನ್ನೇ ಅನ್ನುತ್ತಿದ್ದೆ. ರಕ್ತ ಸಂಬಂಧ ಏನೂ ಇರಲಿಲ್ಲ. ಜಗಳದ ಸಂಬಂಧ ಮಾತ್ರ ಬೇಕಾದಷ್ಟಿತ್ತು.

ಬಡಕಲು ಮೈ, ಬಿಳಿ ಪಾಯಿಜಾಮ, ತೋಳಿನ ತನಕ ವಾರ್ನಿಷ್ ಕಲೆ. ಕನ್ನಡಕಕ್ಕೆ ಒಂದು ಕಡೆ ಕಡ್ಡಿ ಇರಲಿಲ್ಲ, ಮೋಟರಿನ ತಂತಿಯನ್ನೇ ಸುತ್ತಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಸುಟ್ಟ ಮೋಟರನ್ನು ಬಿಚ್ಚುವ ಮೊದಲು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಮೂಸಿದ ಮೇಲೆ ಗಿರಾಕಿಯ ಮುಖ ನೋಡಿ, “ಫ್ಯೂಜಿಗೆ ದಪ್ಪನ ತಂತಿ ಹಾಕಿದಿ ಹೌದಿಲ್ಲೋ?” ಅನ್ನುವರು. ಗಿರಾಕಿ ತಲೆ ಕೆರೆದುಕೊಳ್ಳುವನು. ನಮ್ಮ ಕಡೆ ಇದೊಂದು ಪಿಡುಗು. ಫ್ಯೂಜು ಪದೇ ಪದೇ ಹೋಗುತ್ತದೆಂದು ಅದರೊಳಗೆ ದಪ್ಪ ತಂತಿ ತುರುಕುತ್ತೇವೆ. ಆಮೇಲೆ ಫ್ಯೂಜು ಉಳಿಯುತ್ತದೆ, ಮೋಟರು ಹೋಗುತ್ತದೆ. ಹೋದ ಮೇಲೆ ಕರೆಂಟಿನವರನ್ನು ಬಯ್ಯುತ್ತ ಕೂಡುತ್ತೇವೆ.

ಬೇರೆ ಯಾವ ವೈಂಡಿಂಗ್‌ನವನಾದರೂ ಇಂಥ ಊರಿನಲ್ಲಿ ಕೈ ಮುಗಿದು ಸುಮ್ಮನಿರುತ್ತಿದ್ದ. ಮೋಟರ್ ಸುಟ್ಟಷ್ಟೂ ಅವನಿಗೆ ಕೆಲಸ. ಕಾಕಾ ಸುಮ್ಮನಿರುವ ಜಾತಿಯಲ್ಲ. ಸುತ್ತಿದ ಫ್ಯಾನು ಹೊಸದರಷ್ಟು ಚೆನ್ನಾಗಿ ಓಡುವುದಿಲ್ಲ, ಗಾಳಿ ಕಡಿಮೆ ಕೊಟ್ಟು ಕರೆಂಟು ಹೆಚ್ಚು ತಿನ್ನುತ್ತದೆ ಎಂದು ತಾವೇ ಗಿರಾಕಿಗೆ ಹೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಅಂಗಡಿಯ ಮುಂದೆ ತಗಡಿನ ಹಲಗೆ ತೂಗುಬಿಟ್ಟರು. ಕೆಂಪು ಬಣ್ಣದಲ್ಲಿ, ತಮ್ಮದೇ ಸೊಟ್ಟ ಅಕ್ಷರದಲ್ಲಿ ಬರೆದಿದ್ದರು: ಎರಡು ಸಲ ಸುತ್ತಿದ್ದನ್ನು ಮೂರನೇ ಸಲ ಸುತ್ತುವುದಿಲ್ಲ.

ವಿಜಯಪುರದಿಂದ ಇಬ್ಬರು ವೈಂಡಿಂಗ್‌ನವರು ಬೈಕಿನಲ್ಲಿ ಬಂದು ಜಗಳ ತೆಗೆದದ್ದನ್ನು ನಾನು ನನ್ನ ಕಟ್ಟೆಯ ಮೇಲೆ ನಿಂತು ನೋಡಿದೆ. “ನೀವು ನಿಮ್ಮ ಅನ್ನಕ್ಕ ಮಣ್ಣ ಹಾಕ್ಕೊಳ್ರಿ, ನಮ್ಮ ಅನ್ನಕ್ಕ ಯಾಕ ಹಾಕ್ತೀರಿ?” ಅಂದ ಒಬ್ಬ. ಕಾಕಾ ಸುತ್ತುತ್ತಿದ್ದ ಕಾಯಿಲ್ ಕೆಳಗಿಡಲಿಲ್ಲ. “ಕಳ್ಳ ಮಾಲ್ ಮಾರಿ ಉಣ್ಣೂ ಅನ್ನಕ್ಕ ಮಣ್ಣ ಬಿದ್ರ ಬೀಳಲಿ ತಗೋ” ಅಂದರು. ಅವರು ಹಲಗೆ ಕಿತ್ತು ನೆಲಕ್ಕೆ ಬಿಸುಟು ಹೋದರು. ಕಾಕಾ ಎದ್ದು ಹೋಗಿ ಮತ್ತೆ ತೂಗುಬಿಟ್ಟು ಬಂದು ಕೂತರು. ನನಗೆ ಆಗ ಒಳಗೊಳಗೇ ಎಂಥ ಖುಷಿ ಆಯಿತೆಂದರೆ, ಅವತ್ತು ಅವರ ಮನೆಯ ಹಿಟ್ಟನ್ನು ಪಾಳಿ ತಪ್ಪಿಸಿ ಮೊದಲು ಹಾಕಿ ಕೊಟ್ಟೆ.

ಕಾಕಿ, ಅಂದರೆ ಅವರ ಹೆಂಡತಿ, ಖುಷಿ ಪಡಲಿಲ್ಲ. ಹಿಟ್ಟಿನ ಬುಟ್ಟಿ ತಲೆಗೆ ಏರಿಸಿಕೊಳ್ಳುತ್ತ, “ಆ ಹಲಗಿ ಕಾಯಿಸಿ ರೊಟ್ಟಿ ಸುಡಬೇಕಾಗ್ತೈತಿ ನೋಡವಾ ನಾ” ಅಂದಳು.

ಸುತ್ತುವ ಕೆಲಸ ಕಡಿಮೆಯಾದಂತೆ ಕಾಕಾ ಇನ್ನೊಂದು ಹಿಡಿದರು. ಮನೆ ಮನೆಗೆ ಹೋಗಿ ಎಲ್ಲಿ ಕರೆಂಟು ಪೋಲಾಗುತ್ತದೆ ನೋಡಿ ಹೇಳುವುದು, ಬೇಕಾದವರಿಗೆ ಮನೆಯ ಮೇಲೆ ಸೋಲಾರ್ ಕೂಡಿಸಿ ಕೊಡುವುದು. ಹೋದಲ್ಲೆಲ್ಲ ಹೊಗಳಿಸಿಕೊಂಡು ಬರುತ್ತಿರಲಿಲ್ಲ. ವಿಜಯಪುರದ ಜಲನಗರದಲ್ಲಿ ನನ್ನ ಮೈದುನ ಇದ್ದಾನೆ, ಸರಕಾರಿ ನೌಕರಿ. ಏಸಿ ಹಾಕಿಸಬೇಕು, ಎಷ್ಟು ದೊಡ್ಡದು ಬೇಕಾದೀತು ಎಂದು ಕೇಳಲು ಕಾಕಾರನ್ನು ಕರೆಸಿದ. ಅವರು ಏಸಿಯ ಮಾತೇ ಎತ್ತದೆ ಸೀದಾ ಮಾಳಿಗೆ ಹತ್ತಿ ಬರಿಗಾಲಲ್ಲಿ ನಿಂತರು. “ಸಾಹೇಬ್ರ, ಒಂದ ಸಲ ಇಲ್ಲಿ ಕಾಲ ಇಡ್ರಿ” ಅಂದರು. ಮೈದುನ ಇಟ್ಟು ಹಾರಿದ. “ಈ ಹಂಚ ತಲಿ ಮ್ಯಾಲ ಇಟ್ಕೊಂಡ ಕೆಳಗ ಏಸಿ ಹಾಕ್ತೀರಿ? ಮೊದಲ ಸುಣ್ಣ ಹೊಡಿಸ್ರಿ.” ಮಾಳಿಗೆಗೆ ಎರಡು ಕೈ ಸುಣ್ಣ ಹೊಡೆಸಿ, ಪಡುವಣ ಕಿಟಕಿಗೆ ಚಾಪೆ ಇಳಿಬಿಟ್ಟು, ಬಿಸಿಲ ಗೋಡೆಗೆ ಅಂಟಿಸಿಟ್ಟ ಫ್ರಿಜ್ಜನ್ನು ಈಚೆ ತರಿಸಿ, ಹಳೆಯ ಫ್ಯಾನು ಇಳಿಸಿ ಕಡಿಮೆ ಕರೆಂಟಿನ ಹೊಸ ಫ್ಯಾನು ಏರಿಸಿ ಬಂದರು. ಚೈತ್ರದಲ್ಲಿ ಸುಣ್ಣ ಹೊಡೆದದ್ದು ನೋಡಿ ಓಣಿಯವರೆಲ್ಲ ಮದುವೆ ಯಾರದು ಎಂದು ಮೈದುನನನ್ನು ಕೇಳಿದರಂತೆ. ಆ ವರ್ಷ ಅವನು ಏಸಿ ತರಲಿಲ್ಲ. ಇವತ್ತಿಗೂ ತಂದಿಲ್ಲ.

ಇನ್ನು ನನ್ನ ಗಿರಣಿಯ ವಿಷಯ. ಅತ್ತೆಯ ಕಾಲದ ಹತ್ತು ಎಚ್‌ಪಿ ಮೋಟರು ಎರಡು ಸಲ ಸುತ್ತಿಸಿಕೊಂಡು ಮೂರನೇ ಸಲ ಸುಟ್ಟಿತು. ಎಳ್ಳ ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಸಜ್ಜೆ, ಜೋಳದ ಡಬ್ಬಿಗಳ ಸಾಲು ಹೊರಗಿನ ಕಟ್ಟೆಯ ತನಕ ಬಂದಿತ್ತು. ಬೆಳೆಗೆ ನೈವೇದ್ಯವೆಂದು ಹೊಲದಲ್ಲಿ ಚರಗ ಚೆಲ್ಲಲು ಹೋಗುವವರು ಹಿಟ್ಟಿಲ್ಲದೆ ಏನು ಮಾಡಬೇಕು? ಕಾಕಾ ಮೂಸಿ ನೋಡಿ ಮೋಟರನ್ನು ಕಾಲಿನಿಂದ ಆಚೆ ಸರಿಸಿದರು.

“ಹಲಗಿ ಓದಾಕ ಬರ್ತೈತಿಲ್ಲೋ ನಿನಗ?”

“ಕಾಕಾ, ಹಲಗಿ ಮಂದಿಗೆ ಹಾಕೀರಿ. ನಾ ಮಂದಿ ಏನ್ರಿ?”

“ನೀ ಮಂದಿ ಅಲ್ಲ ಅಂತನ ಹೇಳಾಕತ್ತೇನಿ ಬೇ. ಇದು ನಿನ್ನ ತಿಂದ ಮುಗಸ್ತೈತಿ.”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಅನ್ನಿಸಿಕೊಂಡರು. ಆಮೇಲೆ ವಿಜಯಪುರಕ್ಕೆ ಹೋಗಿ ಯಾರಿಂದಲೋ ಏಳೂವರೆ ಎಚ್‌ಪಿಯ ಹೊಸ ಮೋಟರೊಂದನ್ನು ಕೈಗಡ ತಂದು ಕೂಡಿಸಿದರು. ಸಡಿಲಾಗಿ ಚಪ್ಪಳಿಸುತ್ತಿದ್ದ ಬೆಲ್ಟು ಬದಲಿಸಿದರು, ಬೀಸುವ ಕಲ್ಲಿಗೆ ಹೊಸದಾಗಿ ಕಚ್ಚು ಹೊಡೆಸಿದರು. ಚಿಕ್ಕ ಮೋಟರು ಎಳೆಯುವುದಿಲ್ಲ ಎಂದು ನಾನು ಪಣ ಕಟ್ಟಿದ್ದೆ. ಎಳೆಯಿತು. ಅಮಾವಾಸ್ಯೆಯ ಹಿಟ್ಟೆಲ್ಲ ಅದರಲ್ಲೇ ಆಯಿತು.

ಆಮೇಲೆ ಅವರು ನನ್ನ ಬೆನ್ನು ಬಿಡಲಿಲ್ಲ. “ನಿನ್ನ ಗಿರಣಿ ಹಗಲೀಗೆ ನಡೀತೈತಿ, ಸೂರ್ಯನೂ ಹಗಲೀಗೆ ಇರ್ತಾನ. ಇಬ್ಬರ ನಡುವ ಆ ಕಂಬದ ವಾಯರ್ ಯಾಕ ಬೇಕು?” ಅನ್ನುವರು. ಕಡೆಗೆ ನಾನು ಹೂಂ ಅಂದೆ. ಗಿರಣಿಯ ತಗಡಿನ ಸೂರಿನ ಮೇಲೆ ಸೋಲಾರ್ ಪ್ಲೇಟು ಮಲಗಿಸಲು ಅವರು ಒಪ್ಪಲಿಲ್ಲ. ಕಬ್ಬಿಣದ ಕಾಲು ನಿಲ್ಲಿಸಿ ತಗಡಿಗೂ ಪ್ಲೇಟಿಗೂ ಮೊಳದಷ್ಟು ಅಂತರ ಬಿಟ್ಟರು. ನಡುವೆ ಗಾಳಿ ಆಡುತ್ತದೆ, ಪ್ಲೇಟಿನ ನೆರಳು ತಗಡಿಗೆ ಬೀಳುತ್ತದೆ. ಬಿಸಿಗಾಳಿ ಹೊರಗೆ ಹೋಗಲೆಂದು ಹಿಂದಿನ ಗೋಡೆಯ ತುದಿಗೆ ಒಂದು ಕಿಂಡಿ ಒಡೆಸಿದರು. ಮೇ ತಿಂಗಳಲ್ಲಿ ಸೆರಗಿನಿಂದ ಮುಖ ಒರೆಸಿ ಒರೆಸಿ ಕೆನ್ನೆ ಕಿತ್ತುಹೋಗುತ್ತಿದ್ದ ಆ ಒಲೆಯೊಳಗೆ ಮೊದಲ ಸಲ ನಿಂತುಕೊಂಡು ಉಸಿರಾಡಿದೆ. ಬಿಸಿಲು ಹೆಚ್ಚಾದಷ್ಟೂ ಕಲ್ಲು ಜೋರಾಗಿ ತಿರುಗುತ್ತಿತ್ತು. ಈ ಸುಡುಗಾಡು ಬಿಸಿಲನ್ನು ಹುಟ್ಟಿದಾಗಿನಿಂದ ಬಯ್ದವಳು ನಾನು... ಅವತ್ತು ಹೊರಗೆ ಬಂದು ಮುಖ ಎತ್ತಿ ನೋಡಿದೆ.

ಕಿಂಡಿಗೆ ತೆಳ್ಳನೆಯ ಸೀರೆಯ ತುಂಡು ಕಟ್ಟಿ ಕೊಟ್ಟಿದ್ದರು. ಗಾಳಿ ಹೋಗಬೇಕು, ಹಿಟ್ಟು ಹೋಗಬಾರದು, ವಾರಕ್ಕೊಮ್ಮೆ ಬಿಚ್ಚಿ ಝಾಡಿಸು, ಮರೀಬ್ಯಾಡ ಎಂದು ಮೂರು ಸಲ ಹೇಳಿದರು. ನಾನು ಮೂರು ಸಲವೂ ಹೂಂ ಅಂದೆ.

ಬಬಲೇಶ್ವರ, ಬಿಜ್ಜರಗಿ, ಕನಮಡಿಯ ತನಕ ಸುದ್ದಿ ಹೋಯಿತು. ತಿಕೋಟಾದಲ್ಲಿ ಒಬ್ಬಾಕೆ ಬಿಸಿಲಲ್ಲಿ ಜೋಳ ಬೀಸುತ್ತಾಳಂತೆ ಎಂದು ನೋಡಲು ಬರುವರು. ನೋಡಿದವರು ಎದ್ದು ಸೀದಾ ಕಾಕಾರ ಅಂಗಡಿಗೆ ಹೋಗುವರು. ಸುತ್ತುವ ಕೆಲಸ ಹೆಚ್ಚುಕಡಿಮೆ ಬಿಟ್ಟುಕೊಟ್ಟ ಮನುಷ್ಯನಿಗೆ ಈಗ ಉಳಿದ ದಾರಿ ಇದೊಂದೇ. ಅವರ ಮಾತು ಖರೆ ಎನ್ನುವುದಕ್ಕೆ ಊರಲ್ಲಿ ನಿಂತ ಸಾಕ್ಷಿ ನನ್ನ ಗಿರಣಿ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮರು ಬೇಸಿಗೆಯಲ್ಲಿ ಕಲ್ಲು ನಿಧಾನ ಆಗತೊಡಗಿತು. ಮೊದಲ ಒಂದೆರಡು ದಿನ ನನಗೇ ಹಾಗೆ ಅನಿಸುತ್ತಿರಬೇಕು ಅಂದುಕೊಂಡೆ. ಮೂರನೇ ದಿನ ನೆತ್ತಿಯ ಮೇಲೆ ಸೂರ್ಯ ಸುಡುವಾಗಲೇ ಮೋಟರು ಏದುಸಿರು ಬಿಟ್ಟಿತು. ಹಿಟ್ಟು ಹೋಗಿ ನುಚ್ಚು ಬೀಳತೊಡಗಿತು. ಹೆಂಗಸರು ಬೊಗಸೆಯಲ್ಲಿ ಹಿಡಿದು ನೋಡಿ, “ಇದರದು ರೊಟ್ಟಿ ಬಡಿಯಾಕ ಬರ್ತೈತೇನ?” ಎಂದು ಮುಖಕ್ಕೆ ಹಿಡಿದರು. ನನ್ನ ಸಿಟ್ಟು ಗೊತ್ತಲ್ಲ... ನೆತ್ತಿಗೇರಿತು. ಇದ್ದ ಹಾಗೆಯೇ, ಹಿಟ್ಟು ಮೆತ್ತಿದ ಮುಖದಲ್ಲಿಯೇ ಕಾಕಾರ ಅಂಗಡಿಗೆ ಹೋದೆ.

ಬಬಲೇಶ್ವರದಿಂದ ಬಂದ ನಾಲ್ಕು ಜನ ಅಲ್ಲಿ ಕೂತಿದ್ದರು. ಮನೆಯ ಮೇಲೆ ಸೋಲಾರ್ ಹಾಕಿಸುವ ಮಾತು ನಡೆದಿತ್ತು, ಚಹಾ ಬಂದಿತ್ತು. ನಾನು ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಒದರಿದೆ. “ಏನ ಮಾಡಿಟ್ಟೀರಿ ಕಾಕಾ ನನ್ನ ಗಿರಣಿ? ಇದ್ದ ಕರೆಂಟ ಬಿಡಿಸಿ ಬಿಸಲ ನಂಬಿಸಿದ್ರಿ. ಈಗ ನುಚ್ಚ ಬೀಳಾಕತ್ತೈತಿ. ನಂಬಿದವರ ಕೊಳ್ಳ ಕೊಯ್ಯಾಕ ಹಲಗಿ ಬ್ಯಾರೆ ಬರ್ಕೊಂಡ ಕುಂತೀರಿ!”

ಚಹಾ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಕನ್ನಡಕ ಸರಿಮಾಡಿಕೊಂಡು ಎದ್ದರು. “ನಡಿಯವಾ, ನೋಡೋಣ” ಅಂದರು, ಅಷ್ಟೇ. ಬಬಲೇಶ್ವರದವರೂ ಹಿಂದೆ ಬಂದರು, ತಮಾಷೆ ನೋಡಲು ಬೀದಿಯವರೂ ಬಂದರು.

ಏಣಿ ಹಚ್ಚಿ ಮೇಲೆ ಹತ್ತಿದರು. ಆ ವಯಸ್ಸಿನಲ್ಲಿ, ಆ ಬಿಸಿಲಲ್ಲಿ. ನಾನೂ ಅರ್ಧ ಏಣಿ ಹತ್ತಿ ನಿಂತೆ, ಕೈಕೊಡಲಿಕ್ಕಲ್ಲ, ಇನ್ನೂ ಬಯ್ಯಲಿಕ್ಕೆ. ಅವರು ಪ್ಲೇಟಿನ ಮೇಲೆ ಉಗುರಿನಿಂದ ಗೀರಿದರು. ಬೆಳ್ಳಗಿನ ಹೆಕ್ಕಳೆ ಎದ್ದಿತು. ಮೂಸಿದರು. ನಾಲಗೆಯ ತುದಿಗೆ ಹಚ್ಚಿಕೊಂಡರು. ಆಮೇಲೆ ಹಿಂದಿನ ಗೋಡೆಯ ಕಿಂಡಿಯತ್ತ ಬಾಗಿ ನೋಡಿದರು. ಅಲ್ಲಿ ಸೀರೆಯ ತುಂಡು ಇರಲಿಲ್ಲ. ತಿಂಗಳ ಹಿಂದೆ ಶಾವಿಗೆ ಒಣಹಾಕುವಾಗ ಮೇಲೆ ಹೊದಿಸಲು ಬಟ್ಟೆ ಸಾಲಲಿಲ್ಲವೆಂದು ನಾನೇ ಬಿಚ್ಚಿಕೊಂಡು ಹೋಗಿದ್ದೆ. ಆಗಿನಿಂದ ಕಿಂಡಿಯಿಂದ ಹಾರಿದ ಹಿಟ್ಟು ಪ್ಲೇಟಿನ ಮೇಲೆ ಕೂತಿತ್ತು. ನಡುವೆ ಒಂದು ಅಕಾಲದ ಮಳೆ ಹನಿದಿತ್ತು. ಹನಿ ಬಿದ್ದ ಹಿಟ್ಟು ಕಲಸಿದಂತಾಗಿ, ಬಿಸಿಲಿಗೆ ಒಣಗಿ, ರೊಟ್ಟಿಯ ಹಾಗೆ ಅಂಟಿಬಿಟ್ಟಿತ್ತು. ಬೆಳಿಗ್ಗೆ ಪ್ಲೇಟು ಒರೆಸು ಎಂದೂ ಹೇಳಿದ್ದರು. ನಾನು ಏಣಿ ಹತ್ತಲು ಬೇಸರ ಪಟ್ಟು ಕೆಳಗಿನಿಂದ ಪೈಪಿನಲ್ಲಿ ನೀರು ಚಿಮುಕಿಸಿ, ಆಯಿತು ಅಂದುಕೊಳ್ಳುತ್ತಿದ್ದೆ. ಕಲಸುವ ಕೆಲಸ ಅರ್ಧ ನನ್ನದೇ.

ಕಾಕಾ ನನ್ನ ಮುಖ ನೋಡಿದರು. ಬಯ್ಯಲು ಹತ್ತಿದವಳು ಒಂದು ಮೆಟ್ಟಿಲು ಕೆಳಗಿಳಿದೆ.

ಕೆಳಗಿನಿಂದ ಹೆಂಗಸರು ಕೂಗಿದರು. “ಏನಾಗೇತ್ರಿ ಕಾಕಾ?”

ಗಿರಣಿಯ ಒಳಗಿನದು ಗೊತ್ತಿದ್ದವರಿಗೆ ಆ ಪ್ರಶ್ನೆಯ ಭಾರ ತಿಳಿಯುತ್ತದೆ. ಹಿಟ್ಟು ಹಾಕಿಸಲು ಬಂದ ಯಾವ ಹೆಂಗಸೂ ಗಿರಣಿಯವರನ್ನು ಪೂರ್ತಿ ನಂಬುವುದಿಲ್ಲ. ತಂದ ಜೋಳಕ್ಕೂ ಒಯ್ದ ಹಿಟ್ಟಿಗೂ ಮನಸ್ಸಿನಲ್ಲೇ ತಕ್ಕಡಿ ಹಿಡಿದಿರುತ್ತಾರೆ. ನಮ್ಮ ಹಿಟ್ಟು ಈಕೆಯ ಮಾಳಿಗೆಯ ಮೇಲೆ ದಪ್ಪಗೆ ಕೂತಿದೆ ಎಂಬ ಮಾತು ಒಂದು ಸಲ ಹೊರಬಿದ್ದರೆ ಆ ಸಾಲು ಸಂಜೆಯೊಳಗೆ ಇನ್ನೊಂದು ಗಿರಣಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕಾಕಾರಿಗೆ ಅದು ಗೊತ್ತಿತ್ತು.

“ಏನಿಲ್ಲ ಬಿಡ್ರವಾ, ನಂದ ತಪ್ಪ” ಅಂದರು. “ವಾಯರ್ ಸಡ್ಲ ಕಟ್ಟಿದ್ನಿ. ಈಗ ಬಿಗಿ ಮಾಡ್ತೇನಿ.”

ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಒಂದ ಬಕೇಟ ನೀರ, ಒಂದ ಬ್ರಶ್ ತಾ” ಅಂದರು.

ತಂದುಕೊಟ್ಟೆ. ಅವರು ಕೂತು ಉಜ್ಜಿದರು. ಮಧ್ಯಾಹ್ನದ ಊಟಕ್ಕೆ ಮೊದಲೇ ಕಲ್ಲು ಹಳೆಯ ಜೋರಿಗೆ ಬಂತು. ಆದರೆ ಬಬಲೇಶ್ವರದವರು ಅಷ್ಟು ಹೊತ್ತಿಗೆ ಬಸ್ಸು ಹತ್ತಿ ಹೋಗಿದ್ದರು.

ಬಾಯಿ ಬಿಡಬಹುದಿತ್ತು ನಾನು. ಬೀದಿಗೆಲ್ಲ ಕೇಳುವಂತೆ ಬಯ್ಯಲು ಬಂದಿದ್ದ ಬಾಯಿ ಅಲ್ಲವೇ ಇದು? ಕಾಕಾರದ್ದು ತಪ್ಪಿಲ್ಲ, ನನ್ನ ಹಿಟ್ಟೇ ಕೂತಿತ್ತು ಎನ್ನಲು ಎಷ್ಟು ಹೊತ್ತು ಬೇಕು? ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಸಾಲು ಇನ್ನೂ ಉದ್ದ ಇತ್ತು, ಅವತ್ತೂ ಹೇಳಲಿಲ್ಲ... ವಾಯರ್ ಕಟ್ಟಲೂ ಬಾರದವನು ಸೋಲಾರ್ ಹಾಕುತ್ತಾನಂತೆ ಎಂಬ ಮಾತು ಹಬ್ಬಿತು. ವಿಜಯಪುರದ ಆ ವೈಂಡಿಂಗ್‌ನವರು ಅದಕ್ಕೆ ಉಪ್ಪು ಖಾರ ಹಚ್ಚಿ ಹಂಚಿದರು. ಕಾಕಾರ ಅಂಗಡಿಗೆ ಸೋಲಾರ್ ಕೇಳಿ ಬರುವವರು ನಿಂತರು. ಹಲಗೆ ಇಳಿಸಿ ಮತ್ತೆ ಸುತ್ತಲು ಕೂತಿದ್ದರೆ ಅಂಗಡಿ ಉಳಿಯುತ್ತಿತ್ತು. ಎಷ್ಟೋ ಮಂದಿ ಹೇಳಿದರು, ಕಾಕಿ ಅತ್ತು ಹೇಳಿದಳು. ಅವರು ಇಳಿಸಲಿಲ್ಲ. ಮೂರನೇ ಸಲದ್ದು ತಂದವರನ್ನು ಕಡೆಯ ದಿನದವರೆಗೂ ವಾಪಸ್ ಕಳಿಸಿದರು. ಒಂದು ಮಂಗಳವಾರ ಅಂಗಡಿಯ ಸಾಮಾನನ್ನು ತಳ್ಳುಗಾಡಿಯಲ್ಲಿ ಹಾಕಿ ಮನೆಗೆ ಒಯ್ದರು. ನನ್ನ ಗಿರಣಿಯ ಮುಂದೆಯೇ ಹಾದುಹೋಗಬೇಕಿತ್ತು. “ಸೀರಿ ತುಂಡ ಝಾಡಿಸಿದಿ?” ಎಂದು ಕೇಳಿದರು. ಝಾಡಿಸಿದ್ದೆ. ಹೂಂ ಅಂದೆ. ಅವರು ನಡೆದರು.

ಹೋದ ವರ್ಷ ಸೀಗಿ ಹುಣ್ಣಿಮೆಯ ಮರುದಿನ ಕಾಕಾ ಹೋದರು. ಮಣ್ಣಿಗೆ ಹೋಗಿ ಬಂದವರು ನನ್ನ ಕಟ್ಟೆಯ ಮೇಲೆ ಕೂತು, ಪಾಪ, ಒಳ್ಳೆಯವರು, ಹಟ ಹಿಡಿದು ಕೆಟ್ಟರು, ಮಾಡಿದ ಕೆಲಸವೂ ಕೈಗೆ ಹತ್ತಲಿಲ್ಲ ಅಂದರು. ಅವರು ಹಾಗೆ ಅನ್ನುವಾಗ ಒಳಗೆ ಅದೇ ಕೆಲಸ ಗರಗರ ತಿರುಗುತ್ತಿತ್ತು. ನಾನು ಆಗಲೂ ಸುಮ್ಮನೆ ಜೋಳ ಸುರಿದೆ. ನನಗೆ ನಾನೇ ಉಗಿದುಕೊಳ್ಳಬೇಕು ಅನಿಸುವ ದಿನ ಅದು.

ಮೊನ್ನೆ ಕೂಲರಿನ ಮೋಟರು ಸುಟ್ಟಾಗ ಸಾಲಿನಲ್ಲಿ ಕಾಕಿಯೂ ಇದ್ದಳು. ಆಕೆಗೂ ಆ ವಾಸನೆ ತಾಗಿರಬೇಕು, ಬುಟ್ಟಿ ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ಅವತ್ತ ನಿನ್ನ ಮಾಳಗಿ ಇಳದ ಮನಿಗೆ ಬಂದು ನನ್ನ ಮುಂದ ಎಲ್ಲಾ ಹೇಳಿದ್ರು” ಅಂದಳು ಮೆಲ್ಲಗೆ. “ನಾ ಬಾಯಿ ಬಡ್ಕೊಂಡ್ನಿ, ಹೋಗಿ ಮಂದಿಗೆ ಹೇಳ್ರಿ ಅಂತ. ‘ನಾ ಯಾಕ ಹೇಳ್ಲಿ? ಆಕಿ ತಾನ ಹೇಳ್ತಾಳ. ಸಿಟ್ಟಿನಾಕಿ ಇದ್ದಾಳ, ಸುಳ್ಳಿನಾಕಿ ಅಲ್ಲ’ ಅಂದ್ರು. ದಿನಾ ಸಂಜಿ ಮುಂದ ಕೇಳೂರು, ಗಿರಣಿಗೆ ಹೋಗಿದ್ದೇನ, ಆಕಿ ಏನರ ಅಂದಳೇನ ಅಂತ.”

ನಾನು ಮೋಟರಿನ ಗುಂಡಿ ಒತ್ತಿದೆ. ಕಲ್ಲು ನಿಂತಿತು. ಸಾಲಿನಲ್ಲಿದ್ದವರೆಲ್ಲ ಮುಖ ಎತ್ತಿದರು. ಆವತ್ತು ಒದರಿದ ದನಿಯಲ್ಲಿಯೇ ಒದರಿದೆ. ವಾಯರ್ ಸಡಿಲ ಇರಲಿಲ್ಲ, ಕಾಕಾ ಸುಳ್ಳು ಹೇಳಿದರು, ನನ್ನ ಸಲುವಾಗಿ ಹೇಳಿದರು. ಪ್ಲೇಟಿನ ಮೇಲೆ ಕೂತದ್ದು ನನ್ನ ಕಿಂಡಿಯಿಂದ ಹಾರಿದ ಹಿಟ್ಟು. ಬಟ್ಟೆ ಬಿಚ್ಚಿದಾಕೆ ನಾನು, ಬಯ್ದಾಕೆ ನಾನು, ಬಾಯಿ ಮುಚ್ಚಿಕೊಂಡು ಅವರ ಅಂಗಡಿ ಮುಚ್ಚಿಸಿದಾಕೆಯೂ ನಾನು. ಅವರು ಕೂಡಿಸಿದ ಪ್ಲೇಟು ಇವತ್ತಿನವರೆಗೆ ಒಂದು ದಿನವೂ ಕೈಕೊಟ್ಟಿಲ್ಲ.

“ಅಂದ್ರ ನಮ್ಮ ಹಿಟ್ಟ ನಿನ್ನ ಮಾಳಗಿ ಮ್ಯಾಲ ಹಾರಿತ್ತನ್ನು” ಅಂದಳು ಒಬ್ಬಳು.

“ಹೌದು, ಹಾರಿತ್ತು. ಬ್ಯಾಡಾದವರು ಬುಟ್ಟಿ ಎತ್ಕೊಂಡ ಹೋಗ್ರಿ.”

ಮೂವರು ಎತ್ತಿಕೊಂಡು ಹೋದರು. ಹೋಗಲಿ. ಉಳಿದವರು ಪಾಳಿ ಮುಂದೆ ಸರಿಸಿಕೊಂಡರು. ನಾನು ಮತ್ತೆ ಗುಂಡಿ ಒತ್ತಿ ಕಾಕಿಯ ಜೋಳ ಸುರಿದೆ. ಬಿಸಿ ಹಿಟ್ಟಿನ ಬುಟ್ಟಿಯನ್ನು ತಲೆಗೆ ಏರಿಸಿಕೊಡುವಾಗ ಕಾಕಿ ನನ್ನ ಕಣ್ಣು ನೋಡಲಿಲ್ಲ.

“ಈಗ ಹೇಳಿದಿ” ಅಂದಳು. “ಈಗ ಸಂಜಿ ಮುಂದ ಕೇಳಾವರ ಯಾರದಾರ ಮನ್ಯಾಗ?”

ಯಾರೂ ಇಲ್ಲ. ಗೊತ್ತು ನನಗೆ. ಆದರೂ ನಾಳೆ ಬರುವ ಸಾಲಿಗೂ ಹೇಳುತ್ತೇನೆ.